ಪಾದ್ರಿಗಳ ವರದಿಗೆ ಸಿಗದ ಕೆಲಸ

ಮಲೆನಾಡಿನ ಓದುಗರಿಗೆ ಮಿಷನ್ನಿನ ಸೇವಕ ಅಂದಕೂಡಲೆ ನೆನಪಾಗುವವನು ಪಾದ್ರಿ ಜೀವರತ್ನಯ್ಯ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಅವನನ್ನು ಸೈಕಲ್ಲಿನ ಸಮೇತ ಕಾಡೊಳಗೆ ತರುತ್ತಾರೆ. ಹಳ್ಳಿಯವರ ಬಾಯಲ್ಲಿ ಅದು ‘ಬೀಸೇಕಲ್ಲು’. ಬೆಟ್ಟಳ್ಳಿಯ ದೇವಯ್ಯನಿಗೆ ಏಸುವಿನ ಮೇಲೆ ಎಷ್ಟು ಆಸೆ, ಆ ಸೈಕಲ್ಲಿನ ಮೇಲೆ ಎಷ್ಟು ಆಸೆ ಎಂಬುದು ಓದುತ್ತ ಹೋದರೂ ಪೂರ್ತಿ ಬಗೆಹರಿಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ ಮಿಷನ್ನಿನವರು ತಂದ ಧರ್ಮವನ್ನೂ ಅವರು ತಂದ ಹೊಸ ವಸ್ತುಗಳನ್ನೂ ಬೇರೆಬೇರೆ ಮಾಡಿ ನೋಡುವುದು ಹಳ್ಳಿಯ ಹುಡುಗನಿಗೆ ಎಷ್ಟು ಕಷ್ಟವಿತ್ತು ಎಂಬುದನ್ನು ಯಾವ ಇತಿಹಾಸದ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಶಿವಮೊಗ್ಗ ಆಗ ಮೈಸೂರು ಸಂಸ್ಥಾನದ ಊರು. ಪ್ರಾಟೆಸ್ಟಂಟ್ ಮಿಷನ್ನುಗಳು ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡಬಾರದೆಂದು ಸೀಮೆಗಳನ್ನು ಹಂಚಿಕೊಂಡಿದ್ದವು. ಸಂಸ್ಥಾನದ ಹೆಚ್ಚು ಭಾಗ ಇಂಗ್ಲೆಂಡಿನ ವೆಸ್ಲಿಯನ್ನರ ಪಾಲಿಗೆ ಬಂತು, ಬೆಂಗಳೂರಿನಲ್ಲೂ ಬಳ್ಳಾರಿಯಲ್ಲೂ ಲಂಡನ್ ಮಿಷನ್ನಿನವರಿದ್ದರು. ಘಟ್ಟದ ಕೆಳಗಿನ ಕರಾವಳಿ, ಕೊಡಗು, ಆ ಕಡೆ ಧಾರವಾಡ, ಹುಬ್ಬಳ್ಳಿ, ಗದಗ ಇವೆಲ್ಲ ಜರ್ಮನ್ ಮಾತಾಡುವ ಬಾಸೆಲ್ ಮಿಷನ್ನಿಗೆ. ಹಾಗಾಗಿ ಕನ್ನಡನಾಡಿನಲ್ಲಿ ಲೂಥರನ್ ಪರಂಪರೆಯ ಪಾದ್ರಿಗಳು ಓಡಾಡಿದ್ದು ಶಿವಮೊಗ್ಗದ ಎರಡೂ ಮಗ್ಗುಲಲ್ಲಿ, ಊರೊಳಗೆ ಅಲ್ಲ. ಹಾಗಂತ ಅವರ ಕೆಲಸ ಘಟ್ಟ ಹತ್ತಿ ಇಲ್ಲಿಗೆ ಬರದೆ ಉಳಿಯಲಿಲ್ಲ. ರವೀಂದ್ರನಗರದ ಗಣಪತಿ ದೇವಸ್ಥಾನದ ಸುತ್ತ ಈಗ ಆರ್‌ಸಿಸಿ ಮನೆಗಳೇ ಜಾಸ್ತಿ, ಆದರೆ ತೀರ್ಥಹಳ್ಳಿ, ಹೊಸನಗರದ ಕಡೆ ಹೊರಟರೆ ಮನೆ ಮನೆಯ ಮೇಲೂ ಮಂಗಳೂರು ಹೆಂಚು. ಕನ್ನಡ ಮೇಷ್ಟ್ರುಗಳ ಕಪಾಟಿನಲ್ಲಿ ಕಿಟ್ಟೆಲ್ ಕೋಶ. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ. ಮೂರರ ಮೂಲವೂ ಒಂದೇ ಮಿಷನ್ನು, ಆ ಬಾಸೆಲ್ ಮಿಷನ್ನು.

ಲೂಥರನ್ ಯಾವುದು, ಬಾಸೆಲ್ ಮಿಷನ್ ಯಾವುದು ಎಂಬ ಹೆಸರಿನ ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. 1517ರಲ್ಲಿ ವಿಟೆನ್‌ಬರ್ಗಿನ ಸನ್ಯಾಸಿ ಮಾರ್ಟಿನ್ ಲೂಥರ್ ಪಾಪಕ್ಷಮೆಯ ಚೀಟಿ ಮಾರಾಟವನ್ನು ಪ್ರಶ್ನಿಸಿದಾಗ ಹುಟ್ಟಿದ ಜಗಳದಿಂದ ಬೆಳೆದದ್ದು ಲೂಥರನ್ ಸಭೆ. ಮೋಕ್ಷ ಮನುಷ್ಯನ ಪುಣ್ಯಕಾರ್ಯದ ಸಂಬಳವಲ್ಲ, ನಂಬಿದವನಿಗೆ ದೇವರು ಕೊಡುವ ಕೃಪೆ ಎಂಬುದು ಅದರ ತಿರುಳು. ಆ ತಿರುಳಿನ ಜೊತೆಗೇ ಎರಡು ರೂಢಿ ಬಂದವು: ಶಾಸ್ತ್ರಗ್ರಂಥ ಜನರ ಮನೆಮಾತಿನಲ್ಲಿ ಇರಬೇಕು, ಹಾಡನ್ನು ಪಾದ್ರಿಯೊಬ್ಬನೇ ಹೇಳದೆ ಸಭೆಯೆಲ್ಲ ಹಾಡಬೇಕು. ಲೂಥರರೇ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್‌ಗೆ ತಂದರು. ಭಾರತಕ್ಕೆ ಈ ಪರಂಪರೆ ಬಂದದ್ದು 1706ರಲ್ಲಿ, ತಮಿಳುನಾಡಿನ ತರಂಗಂಬಾಡಿಗೆ, ಬಾರ್ತೊಲೊಮಿಯಸ್ ಝೀಗನ್‌ಬಾಲ್ಗ್ ಜೊತೆ. ಅವರು ಮಾಡಿದ ಮೊದಲ ದೊಡ್ಡ ಕೆಲಸ ತಮಿಳು ಕಲಿತು ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ್ದು. ಲೂಥರನ್ ಎಂಬ ಹೆಸರನ್ನೇ ಹೊತ್ತ ಸಭೆಗಳು ಇಂದು ತಮಿಳುನಾಡು ಆಂಧ್ರಗಳಲ್ಲಿ ದೊಡ್ಡವು. ಕರ್ನಾಟಕದಲ್ಲಿ ಆ ಫಲಕ ಕಾಣುವುದು ಕೋಲಾರದ ಚಿನ್ನದ ಗಣಿಯ ಸೀಮೆಯಲ್ಲಿ, ಬೆಂಗಳೂರಿನಲ್ಲಿ, ಅದೂ ಬಹುಮಟ್ಟಿಗೆ ತಮಿಳು ಮಾತಾಡುವವರ ನಡುವೆ.

ಬಾಸೆಲ್ ಮಿಷನ್ ಹಾಗಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಅದು ಶುರುವಾಯಿತು. ನಗರದವರು ಕ್ಯಾಲ್ವಿನ್ ಕಡೆಯ ರಿಫಾರ್ಮ್ಡ್ ಸಭೆಯವರು, ಓದಲು ಬಂದ ಹುಡುಗರಲ್ಲಿ ಬಹುಪಾಲು ಪಕ್ಕದ ವ್ಯೂರ್ಟೆಂಬರ್ಗಿನ ಲೂಥರನ್ ಮನೆಗಳವರು. ಇಬ್ಬರೂ ಸಿದ್ಧಾಂತದ ಜಗಳವನ್ನು ಬದಿಗಿಟ್ಟು ಕೂಡಿ ಕೆಲಸ ಮಾಡಿದರು. ಆ ಕಾರಣಕ್ಕೆ ಇಲ್ಲಿನ ದೇವಾಲಯಗಳ ಮೇಲೆ ಲೂಥರ್ ಹೆಸರು ಏರಲಿಲ್ಲ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ, ಎಂದರೆ ಎಲ್ಲರೂ ಕರೆಯುವ ಸಿಎಸ್‌ಐ, ಹುಟ್ಟಿತು, ಕಾಲಕ್ರಮದಲ್ಲಿ ಇಂಥ ಎಷ್ಟೋ ಹೊಳೆಗಳು ಅದರಲ್ಲಿ ಸೇರಿದವು.

ಕಂಪನಿ ಸರ್ಕಾರದ 1833ರ ಚಾರ್ಟರ್ ಕಾಯಿದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಬಾಗಿಲು ತೆಗೆಯಿತು. ಮರುವರ್ಷವೇ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಹೆಬಿಕ್ ಜಾತ್ರೆಗಳಲ್ಲಿ ನಿಂತು ಗಟ್ಟಿ ದನಿಯಲ್ಲಿ ಸಾರುತ್ತಿದ್ದ ಉದ್ದ ಗಡ್ಡದ ಮನುಷ್ಯ. ಕಲ್ಲು ಮಣ್ಣು ತಿಂದದ್ದೂ ಉಂಟು. ಮಿಷನರಿ ಎಂದರೆ ಜನರ ಕಲ್ಪನೆಯಲ್ಲಿ ಮೂಡುವ ಚಿತ್ರ ಹೆಬಿಕ್ಕರದೇ. ನನಗೆ ಕುತೂಹಲ ಬೇರೆ ಕಡೆ: ಈ ಸೇವೆ ಒಂದು ನೌಕರಿಯಾಗಿ ಹೇಗಿತ್ತು?

ಬಿಗಿಯಾಗಿತ್ತು. ಬಾಸೆಲ್‌ನ ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ರೈತರ, ಕುಶಲಕರ್ಮಿಗಳ ಮಕ್ಕಳು. ವರ್ಷಗಟ್ಟಲೆ ಓದಬೇಕು, ಹೀಬ್ರೂ ಗ್ರೀಕ್ ಲ್ಯಾಟಿನ್ ಕಲಿಯಬೇಕು, ಆಮೇಲೆ ಕಮಿಟಿ ಹೇಳಿದ ದೇಶಕ್ಕೆ ಹೋಗಬೇಕು. ಸಂಬಳ ಎಂಬ ಮಾತಿಲ್ಲ, ಹೊಟ್ಟೆಬಟ್ಟೆಗೆ ಭತ್ಯೆ. ಎಲ್ಲರೂ ‘ಸಹೋದರರು’, ಆದರೆ ಯಾರು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಸಾವಿರಾರು ಮೈಲಿ ದೂರದ ಕಮಿಟಿ. ಮಿಷನರಿ ಮದುವೆಗೂ ಅದೇ ಕಮಿಟಿಯ ಅಪ್ಪಣೆ ಬೇಕು, ಅದೂ ಕೆಲವು ವರ್ಷ ಒಂಟಿಯಾಗಿ ದುಡಿದ ಮೇಲೆ. ಎಷ್ಟೋ ಸಲ ವಧುವನ್ನು ಅಲ್ಲಿಂದಲೇ ಹುಡುಕಿ ಹಡಗು ಹತ್ತಿಸುತ್ತಿದ್ದರು. ಗಂಡನಾಗುವವನ ಮುಖವನ್ನು ಬಂದರಿನಲ್ಲೇ ಮೊದಲ ಸಲ ನೋಡಿದ ಹೆಂಗಸರಿದ್ದಾರೆ. ನಮ್ಮ ಅಜ್ಜಿಯರಿಗೆ ಇದು ವಿಚಿತ್ರ ಅನಿಸುತ್ತಿರಲಿಲ್ಲ. ಅವರ ಎದೆ ಕುಟುಕುವುದು ಮುಂದಿನ ನಿಯಮ: ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ವಾಪಸು ಕಳಿಸಬೇಕು. ಅದಕ್ಕೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಮಕ್ಕಳ ಮನೆ ತೆರೆದರು. ತಲಶ್ಶೇರಿಯಲ್ಲಿ ಮಲಯಾಳಂ ನಿಘಂಟು ಕಟ್ಟಿದ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ ಬಾಲ್ಯವನ್ನು ತಂದೆತಾಯಿಯಿಂದ ದೂರ ಕಳೆದು, ಹರೆಯಕ್ಕೆ ಬಂದ ಮೇಲಷ್ಟೇ ಅವರ ಬಳಿಗೆ ಮರಳಿದರು. ಆಕೆಯ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ. ದೇವರ ಕೆಲಸಕ್ಕೆ ತಂದೆತಾಯಿ ಕೊಟ್ಟ ಬೆಲೆಯನ್ನು ಹೊಗಳುವವರು, ಆ ಬೆಲೆಯಲ್ಲಿ ಮಕ್ಕಳ ಪಾಲನ್ನು ಯಾರೂ ಕೇಳಿ ಪಡೆದಿರಲಿಲ್ಲ ಎಂಬುದನ್ನು ಮರೆಯುತ್ತಾರೆ.

ಇದರ ಮೇಲೆ ವರದಿ. ಪ್ರತಿ ಠಾಣೆಯಿಂದ ಬಾಸೆಲ್‌ಗೆ ಕಾಲಕಾಲಕ್ಕೆ ವರದಿ ಹೋಗಬೇಕಿತ್ತು: ಯಾವ ಜಾತ್ರೆಯಲ್ಲಿ ಸಾರಿದೆವು, ಎಷ್ಟು ಜನಕ್ಕೆ ದೀಕ್ಷಾಸ್ನಾನವಾಯಿತು, ಶಾಲೆಯಲ್ಲಿ ಎಷ್ಟು ಮಕ್ಕಳು, ಸಭೆಯಿಂದ ಯಾರನ್ನು ಹೊರಗಿಟ್ಟೆವು. ಆ ಕಾಗದಗಳೆಲ್ಲ ಇವತ್ತೂ ಬಾಸೆಲ್‌ನ ದಫ್ತರಖಾನೆಯಲ್ಲಿವೆ. ನಾವು ಅವರಿಂದ ಪಡೆದದ್ದರಲ್ಲಿ ಉತ್ತಮವಾದದ್ದು ಈ ಲೆಕ್ಕದ ಪಟ್ಟಿಗೆ ಹೊಂದದ ಕೆಲಸ, ಮತ್ತು ಅದನ್ನು ಮಾಡಿದವರು ಮಿಷನ್ನಿಗೆ ಸುಲಭವಾಗಿ ಹೊಂದಿಕೊಳ್ಳದ ಜನ ಎಂಬುದು ನನ್ನ ವಾದ.

ಹರ್ಮನ್ ಮ್ಯೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಸಹೋದ್ಯೋಗಿಗಳಿಗಿಂತ ಬೇರೆ ಥರ. ಯುರೋಪಿಯನ್ ಬಂಗಲೆಯ ಬಾಳು ಬಿಟ್ಟು ಇಲ್ಲಿಯವರಂತೆ ಬದುಕಬೇಕೆಂಬುದು ಅವರ ಹಟ, ಮಂಗಳೂರಿನ ಬಲ್ಮಠದಲ್ಲಿ ಶಿಷ್ಯರ ಜೊತೆಗೇ ಇದ್ದು ಉಂಡವರು. 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರು ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅದರಲ್ಲಿ ಊರಿನ ವರ್ತಮಾನ, ಸರ್ಕಾರದ ನಿರೂಪ, ಪರದೇಶದ ಸುದ್ದಿ, ಜೊತೆಗೆ ದಾಸರ ಪದ. ಕ್ರೈಸ್ತ ಮಿಷನ್ನಿನ ಪತ್ರಿಕೆಯಲ್ಲಿ ಪುರಂದರದಾಸರಿಗೆ ಏನು ಕೆಲಸ ಎಂದು ಕೇಳಬಹುದು. ಆಗಲೂ ಕೇಳಿರಬೇಕು.

ಅದಕ್ಕಿಂತ ದೊಡ್ಡ ಸಾಹಸ ‘ಬಿಬ್ಲಿಯೊತಿಕಾ ಕರ್ನಾಟಿಕಾ’. ನೀಲಗಿರಿಯ ಕೇಟಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್, ಬಡಗರ ನಡುವೆ ಇದ್ದು ಕನ್ನಡ ಕಲಿತವರು, ಹಣ ಕೊಟ್ಟರು. ಮ್ಯೋಗ್ಲಿಂಗ್ ತಮ್ಮ ಸಂಗಾತಿ ವೈಗ್ಲೆ ಜೊತೆ ಓಲೆಗರಿ ಹುಡುಕಿ, ಪಾಠ ನೋಡಿ, ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. 1850ರ ಹೊತ್ತು ಅದು, ಕನ್ನಡ ಕಾವ್ಯ ಅಚ್ಚಿನ ಮುಖ ಕಂಡೇ ಇಲ್ಲವೆನ್ನಬಹುದಾದ ಕಾಲ. ಯಾವ ಪುರಾಣಗಳು ಸುಳ್ಳೆಂದು ಬೀದಿಯಲ್ಲಿ ಸಾರಬೇಕಿತ್ತೋ ಅವನ್ನೇ ಮಿಷನ್ನಿನ ಅಚ್ಚುಕೂಟ ಅಂದವಾಗಿ ಮುದ್ರಿಸಿತು! ಒಳ್ಳೆಯ ಕನ್ನಡ ಕಲಿಯದೆ, ಜನರ ಮನಸ್ಸು ತಿಳಿಯದೆ ಬೋಧಿಸಲಾಗದು ಎಂಬುದು ಅದಕ್ಕೆ ಕೊಟ್ಟ ಸಮಜಾಯಿಷಿ. ಅದು ನಿಜವೂ ಹೌದು. ಆದರೆ ಜೈಮಿನಿ ಭಾರತವನ್ನು ಅಷ್ಟು ಅಕ್ಕರೆಯಿಂದ ತಿದ್ದುವವನಿಗೆ ಸಮಜಾಯಿಷಿಗಿಂತ ಹೆಚ್ಚಿನದೇನೋ ಹಿಡಿದಿರಬೇಕು. ಮುಂದೆ ಕೊಡಗಿಗೆ ಹೋದ ಮ್ಯೋಗ್ಲಿಂಗ್, ಅಳಮಂಡ ಸೋಮಯ್ಯ ಎಂಬ ಕೊಡವ ಕ್ರೈಸ್ತರಾದ ಮೇಲೆ ಅಲ್ಲೇ ನೆಲೆಗೊಂಡು, ಬಡವರಿಗಾಗಿ ಆನಂದಪುರ ಎಂಬ ಊರನ್ನೇ ಕಟ್ಟಿದರು. 1860ರಲ್ಲಿ ದೇಶಕ್ಕೆ ಮರಳಿದರು.

ಇದೇ ಮ್ಯೋಗ್ಲಿಂಗರ ಶಿಷ್ಯ ಮಂಗಳೂರಿನ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಊರು ಕೆರಳಿತು, ಮನೆ ಕೈಬಿಟ್ಟಿತು. ಗುರು ಅವರನ್ನು ಬಾಸೆಲ್‌ಗೆ ಕರೆದೊಯ್ದು ಓದಿಸಿದರು, 1851ರಲ್ಲಿ ಅವರು ದೀಕ್ಷೆ ಪಡೆದ ಮಿಷನರಿಯಾಗಿ ಮರಳಿದರು, ಆಮೇಲೆ ಜರ್ಮನ್ ಮಹಿಳೆಯನ್ನು ಮದುವೆಯಾದರು. ಕೌಂಡಿನ್ಯರ ಸ್ಥಾನ ಅಪರೂಪದ್ದು. ಉಳಿದ ಭಾರತೀಯ ಸೇವಕರಿಗೆ ಮಿಷನ್ನು ಬೇರೆಯೇ ಏಣಿ ಇಟ್ಟಿತ್ತು: ಶಾಲೆಯ ಮೇಷ್ಟ್ರು, ಅದರ ಮೇಲೆ ಉಪದೇಶಿ, ತೀರ ಮೇಲೆ ಸಭಾಪಾಲಕ. ಮನೆಯೊಳಗಿನ ಹೆಂಗಸರನ್ನು ತಲುಪಲು ಬೈಬಲ್ ಸ್ತ್ರೀಯರು. ಊರೂರು ತಿರುಗಿ, ಮಾತು ಗೊತ್ತಿದ್ದು, ಜನರ ಬೈಗುಳ ಕೇಳಿ, ಕೆಲಸ ನಡೆಸಿದವರು ಇವರೇ. ಸಂಬಳದಲ್ಲಿ, ಮರ್ಯಾದೆಯಲ್ಲಿ ಯುರೋಪಿಯನ್ನರಿಗೂ ಇವರಿಗೂ ಅಜಗಜಾಂತರ. ಎಲ್ಲರೂ ಸಹೋದರರು ಎಂದು ಬೋಧಿಸಿದ ಸಂಸ್ಥೆ ಈ ಅಂತರದ ಜೊತೆ ಬಹಳ ಕಾಲ ಆರಾಮಾಗಿ ಬಾಳಿತು.

ಹೆಂಚಿನ ಕಥೆ ಹುಟ್ಟಿದ್ದು ಧರ್ಮಸಂಕಟದಲ್ಲಿ. ತುಳುನಾಡಿನಲ್ಲಿ ಈ ಮಿಷನ್ನಿನ ಮೂಲಕ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರ ಕುಲಕಸುಬು ಮೂರ್ತೆ, ಕಳ್ಳು ಇಳಿಸುವುದು. ಸಭೆಗೆ ಬಂದವನು ಅದನ್ನು ಬಿಡಬೇಕು. ಮತ ಬದಲಿಸಿದ್ದಕ್ಕೆ ಗೇಣಿಯ ಜಮೀನೂ ಕೈಬಿಟ್ಟು ಹೋಗಬಹುದು. ಹಾಗಾದರೆ ಸಂಜೆಗೆ ಒಲೆ ಹಚ್ಚುವುದು ಹೇಗೆ? ಮಿಷನ್ನು ಬೇಸಾಯ ಮಾಡಿಸಿ ನೋಡಿತು, ನೇಯ್ಗೆ ಹಾಕಿತು, ಅಚ್ಚುಕೂಟದಲ್ಲಿ, ರಟ್ಟು ಕಟ್ಟುವಲ್ಲಿ ಕೆಲಸ ಕೊಟ್ಟಿತು. ಅಚ್ಚುಕೂಟಕ್ಕೆಂದು ಬಂದಿದ್ದ ಗೇಯಾರ್ಗ್ ಪ್ಲೆಬ್‌ಸ್ಟ್ ಮಂಗಳೂರಿನ ಹೊಳೆದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದರ ಅಂಚಿಗೆ ಇನ್ನೊಂದು ಕಚ್ಚಿಕೊಳ್ಳುವ, ಹಗುರವಾದ ಆ ಹೆಂಚು ನಾಡಹೆಂಚಿನ ಹಾಗೆ ವರ್ಷ ವರ್ಷ ಕೈಯಾಡಿಸಿ ಕೂಡಿಸುವ ಗೋಳು ತಪ್ಪಿಸಿತು. ಹುಲ್ಲು ಹೊದಿಸಿದ ಮನೆಗಿದ್ದ ಬೆಂಕಿಯ ಭಯವೂ ಹೋಯಿತು. ಘಟ್ಟದ ಮೇಲಿನ ಮಳೆಗೆ ಇದಕ್ಕಿಂತ ಒಳ್ಳೆಯ ಹೊದಿಕೆ ಆ ಕಾಲಕ್ಕೆ ಇರಲಿಲ್ಲ. ಹಡಗಿನಲ್ಲಿ ಏಡನ್‌ಗೂ ಪೂರ್ವ ಆಫ್ರಿಕಕ್ಕೂ ಹೋಯಿತು.

ಆದರೆ ಒಂದೇ ಕೈಯಲ್ಲಿ ಬೈಬಲ್ಲೂ ಕೂಲಿಪಟ್ಟಿಯೂ ಇದ್ದರೆ ಇಕ್ಕಟ್ಟು. ಭಾನುವಾರ ಪ್ರಸಂಗ ಮಾಡುವವರ ಸಂಸ್ಥೆಯೇ ಸೋಮವಾರ ಯಜಮಾನ. ಸಭೆಯ ಶಿಸ್ತು ಮೀರಿದವನಿಗೆ ಕೆಲಸದ ಭಯವೂ ಕಾಡುತ್ತದೆ. ಕೆಲಸಕ್ಕಾಗಿ ಮತಕ್ಕೆ ಬಂದರೆಂಬ ಅಪವಾದವೂ ಜೊತೆಗೇ ಅಂಟಿಕೊಂಡಿತು. ಮಿಷನ್ನಿನ ಒಳಗೇ ಇದರ ಬಗ್ಗೆ ಚರ್ಚೆ ನಡೆದಿದೆ. ಬಿಡಿಸಲಾಗದ ಗಂಟದು.

ಇನ್ನು ಕಿಟ್ಟೆಲ್. ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಜರ್ಮನಿಯ ಕಡಲಂಚಿನ ಒಬ್ಬ ಲೂಥರನ್ ಪಾದ್ರಿಯ ಮನೆಯಲ್ಲಿ. 1853ರಲ್ಲಿ ಇಲ್ಲಿಗೆ ಬಂದು ಧಾರವಾಡ ಸೀಮೆಯಲ್ಲಿ ಕೆಲಸ ಶುರು ಮಾಡಿದಾಗ ಇಪ್ಪತ್ತೊಂದರ ಹುಡುಗ. ಹಿರಿಯ ಮಿಷನರಿಗಳ ಜೊತೆ ಬೇಗ ತಿಕ್ಕಾಟ ಬಂತು. ಜನರ ಹತ್ತಿರ ಹೋಗಬೇಕಾದರೆ ಜನರಂತಿರಬೇಕೆಂಬ ಅವರ ಹುಮ್ಮಸ್ಸು ಹಿರಿಯರಿಗೆ ಅತಿಯೆನಿಸಿತು. ಸಾರುವವರಾಗಿ ಅವರು ಹೆಬಿಕ್ ಅಲ್ಲವೇ ಅಲ್ಲ. ಆದರೆ ಛಂದಸ್ಸು ಕಲಿತು ಕ್ರಿಸ್ತನ ಚರಿತ್ರೆಯನ್ನೇ ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಬರೆದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದರು. ನಡುವೆ ಹೆಂಡತಿ ಪೌಲಿನಾ ತೀರಿಕೊಂಡರು, ಆಕೆಯ ತಂಗಿ ಜೂಲಿಯನ್ನು ಮದುವೆಯಾದರು.

ನಿಘಂಟಿಗೆ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಹಳಗನ್ನಡ ಕಾವ್ಯದ ಪ್ರಯೋಗ ಒಂದು ಕಡೆ, ಸಂತೆಯ ಮಾತು, ಗಾದೆ, ಗಿಡಮರದ ಹೆಸರು ಇನ್ನೊಂದು ಕಡೆ. ಪಂಡಿತರನ್ನು ಕೂರಿಸಿಕೊಂಡು ಕೇಳುವುದು, ರೈತನನ್ನು ನಿಲ್ಲಿಸಿಕೊಂಡು ಕೇಳುವುದು. ಜರ್ಮನಿಗೆ ಮರಳಿದ್ದವರು ಇದೇ ಕೆಲಸಕ್ಕಾಗಿ ಮತ್ತೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಕೋಶ ಹೊರಬಂತು. ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ಕೊಟ್ಟಿತು. 1903ರ ಡಿಸೆಂಬರ್‌ನಲ್ಲಿ ಅದೇ ಊರಿನಲ್ಲಿ ಕಿಟ್ಟೆಲ್ ತೀರಿಕೊಂಡರು. ಅವರ ಕೈಯಿಂದ ಎಷ್ಟು ಜನಕ್ಕೆ ದೀಕ್ಷಾಸ್ನಾನವಾಯಿತು ಎಂದು ಇವತ್ತು ಯಾರೂ ಕೇಳುವುದಿಲ್ಲ, ಆದರೆ ಅವರ ಕಾಲದ ವರದಿಯ ಫಾರಂ ಕೇಳುತ್ತಿದ್ದದ್ದು ಅದನ್ನೇ. ಎಂ. ಮರಿಯಪ್ಪ ಭಟ್ಟರು ಮದರಾಸು ವಿಶ್ವವಿದ್ಯಾಲಯಕ್ಕಾಗಿ ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟ ಮಾಡಿದರು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ಲರ ಪ್ರತಿಮೆ ನಿಂತಿದೆ.

ಪಕ್ಕಕ್ಕೆ ಒಂದು ಮಾತು. ಶಿವಮೊಗ್ಗ ಜಿಲ್ಲೆಯ ಶಾಸನಗಳೆಲ್ಲ ಸೇರಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7, 8ನೇ ಸಂಪುಟಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಕೂಡ ಮಿಷನರಿಯ ಮಗ. ಅಪ್ಪ ಬೆಂಜಮಿನ್ ರೈಸ್ ಬೆಂಗಳೂರಿನ ಲಂಡನ್ ಮಿಷನ್ನಿನವರು. ಲೂಥರನ್ನರಲ್ಲ ಸರಿ, ಆದರೆ ಬಳ್ಳಿಗಾವೆ, ತಾಳಗುಂದದ ಕಲ್ಲುಗಳ ಬಗ್ಗೆ ಬರೆಯುವ ಯಾರೂ ಅವರನ್ನು ದಾಟಿ ಹೋಗುವಂತಿಲ್ಲ.

1914ರಲ್ಲಿ ಯುದ್ಧ ಬಂತು. ಜರ್ಮನ್ ಪ್ರಜೆಗಳೆಲ್ಲ ಒಂದೇ ಏಟಿಗೆ ಶತ್ರುಗಳು. ಮಿಷನರಿಗಳನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟರು, ಆಮೇಲೆ ಹಡಗಿನಲ್ಲಿ ದೇಶ ಬಿಡಿಸಿದರು. ಹೆಂಚಿನ, ನೇಯ್ಗೆಯ ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ದೇವಾಲಯ, ಶಾಲೆ, ಆಸ್ಪತ್ರೆಗಳ ಭಾರವನ್ನು ಇಲ್ಲಿಯವರೇ ಹೊರಬೇಕಾಗಿ ಬಂತು. ಗದಗ-ಬೆಟಗೇರಿಯ ಆಸ್ಪತ್ರೆಯನ್ನು ಜನ ಇಂದಿಗೂ ‘ಜರ್ಮನ್ ದವಾಖಾನೆ’ ಎಂದೇ ಕರೆಯುವುದುಂಟು, ಆದರೆ ಅದು ಬಾಗಿಲು ಹಾಕದೆ ಉಳಿದದ್ದು ಬರೀ ಜರ್ಮನ್ನರಿಂದಲ್ಲ. ಎಂಬತ್ತು ವರ್ಷ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತವರು ಮಿಷನ್ನಿನ ಅಪ್ಪಣೆಗೆ ಕಾಯದೆ ಸಭೆ ನಡೆಸಬಲ್ಲರೆಂದು ತೋರಿಸಿದ್ದು ಯುದ್ಧ.

ಆ ತಲೆಮಾರಿನ ಸಭಾಪಾಲಕರಲ್ಲೊಬ್ಬರು ರೆವರೆಂಡ್ ಚನ್ನಪ್ಪ ಉತ್ತಂಗಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಲಿಂಗಾಯತ ಹಿನ್ನೆಲೆಯ ಕ್ರೈಸ್ತ ಮನೆತನ. ಹಳ್ಳಿ ಪಟ್ಟಣಗಳ ಸಭೆಗಳಲ್ಲಿ ಪಾಲಕರಾಗಿ ದುಡಿದರು. ಸಭೆಗೆ ಬರುವ ರೈತರ ಬಾಯಲ್ಲಿ ಮಾತು ಮಾತಿಗೂ ಸರ್ವಜ್ಞನ ತ್ರಿಪದಿ. ಒಂದೊಂದು ಊರಿನಲ್ಲಿ ಒಂದೊಂದು ಪಾಠ. ಉತ್ತಂಗಿ ಓಲೆಗರಿ, ಕೈಬರಹ, ಬಾಯಿಪಾಠ ಎಲ್ಲವನ್ನೂ ಕೂಡಿಹಾಕಿ, ವಿಷಯವಾರು ವಿಂಗಡಿಸಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಪ್ರಕಟಿಸಿದರು. ಸುಮಾರು ಎರಡು ಸಾವಿರ ವಚನ. ಸರ್ವಜ್ಞನ ಊರೆನ್ನುವ ಅಬಲೂರು, ಮಾಸೂರು ಶಿಕಾರಿಪುರ ದಾಟಿದರೆ ಸಿಗುವ ಸೀಮೆ, ಹಾಗಾಗಿ ಶಿವಮೊಗ್ಗದವರು ಅವನನ್ನು ನಮ್ಮವನೆಂದುಕೊಂಡರೆ ದೊಡ್ಡ ತಪ್ಪಲ್ಲ.

ಅದಕ್ಕೂ ಮೊದಲು, 1921ರಲ್ಲಿ, ಅವರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಪುಸ್ತಕ ಬರೆದಿದ್ದರು. ಹಳೆಯ ಮಿಷನರಿಗಳ ದನಿ ಬೇರೆ, ಇದರ ದನಿ ಬೇರೆ. ಅವರು ತಪ್ಪು ತೋರಿಸಿ ಖಂಡಿಸುತ್ತಿದ್ದರು, ಇವರು ಹಿಂದೂ ಸಮಾಜದ ಎದುರು ಕೂತು ಮನೆಯವನಂತೆ ಮಾತಾಡುತ್ತಾರೆ. ಮುಂದೆ ವಚನ ಸಾಹಿತ್ಯಕ್ಕೆ ಇಳಿದವರು ಸಿದ್ಧರಾಮನನ್ನು, ಮೋಳಿಗೆ ಮಾರಯ್ಯನನ್ನು ಸಂಪಾದಿಸಿದರು. ಶರಣರ ಅನುಭವ ಮಂಟಪವೆಂಬುದು ಇತ್ತೇ, ಅಥವಾ ನಂತರದವರ ಕಲ್ಪನೆಯೇ ಎಂಬ ವಿವಾದ ಎದ್ದಾಗ, ಇತ್ತೆಂದು ವಾದಿಸಿ ಪುಸ್ತಕವನ್ನೇ ಬರೆದರು. ಆ ಮಂಟಪದಲ್ಲಿ ಬಳ್ಳಿಗಾವೆಯ ಅಲ್ಲಮ ಕೂತನೆನ್ನುವ ಪೀಠದ ಪರವಾಗಿ ಸಾಕ್ಷಿ ಹೇಳಿದವರು ಒಬ್ಬ ಕ್ರೈಸ್ತ ಸಭಾಪಾಲಕರು! ಧಾರವಾಡದ ಕಡೆ ಇದನ್ನು ಯಾರೂ ವಿಚಿತ್ರವೆಂದು ಭಾವಿಸಲಿಲ್ಲ. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಮತದ ಗಾಯ ಹಸಿಯಾಗಿದ್ದ ನೆಲವದು.

ಇವತ್ತಿನ ಸಭಾಪಾಲಕರ ಕೆಲಸ ಇಷ್ಟು ದೊಡ್ಡ ಹೆಸರಿನದಲ್ಲ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ಓದಿ, ದೀಕ್ಷೆ ಪಡೆದು, ಸರ್ಕಾರಿ ನೌಕರರ ಹಾಗೆ ಕೆಲವು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್ ಆಗುತ್ತಾರೆ. ಸಭೆಯವರಿಗೆ ಅವರು ‘ಅಯ್ಯನವರು’. ಈಗ ಹೆಣ್ಣುಮಕ್ಕಳೂ ಆ ಪೀಠದಲ್ಲಿ ನಿಲ್ಲುತ್ತಾರೆ, 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಸಿಎಸ್‌ಐ ಸಭೆಯ ಮೊದಲ ಮಹಿಳಾ ಬಿಷಪ್ ಬಂದರು. ಭದ್ರಾವತಿಯಂಥ ಕಾರ್ಖಾನೆ ಊರಿನಲ್ಲಿ ಕಬ್ಬಿಣದ ಕೆಲಸಕ್ಕೆ ಹೊರಗಿನಿಂದ ಬಂದವರು ತಮ್ಮ ತಮಿಳು ಮಲಯಾಳಂ ಪ್ರಾರ್ಥನೆಗಳನ್ನೂ ಕಟ್ಟಿಕೊಂಡು ಬಂದರು. ಅಂಥಲ್ಲಿ ಪಾಲಕರಾದವರು ಮದುವೆ, ಮಣ್ಣು, ಆಸ್ಪತ್ರೆಯ ಭೇಟಿ, ಆಸ್ತಿಯ ತಕರಾರು, ಯಾವ ಭಾಷೆಯಲ್ಲಿ ಆರಾಧನೆ ಎಂಬ ಜಗಳ, ಎಲ್ಲವನ್ನೂ ನಿಭಾಯಿಸಬೇಕು. ಇದರ ನಡುವೆ ಓಲೆಗರಿ ಹುಡುಕಲು ಪುರುಸೊತ್ತೆಲ್ಲಿ ಎಂದು ಯಾರಾದರೂ ಕೇಳಿದರೆ ಒಪ್ಪಬೇಕಾದ್ದೇ. ಉತ್ತಂಗಿಯವರಿಗೂ ಮಿಷನ್ನು ಅದಕ್ಕೆಂದು ಪುರುಸೊತ್ತು ಕೊಟ್ಟಿರಲಿಲ್ಲ. ಅವರು 1962ರಲ್ಲಿ ತೀರಿಕೊಂಡರು. ಸರ್ವಜ್ಞನ ಹೆಸರಿನಲ್ಲಿ ಓಡಾಡುವ ತ್ರಿಪದಿಗಳಲ್ಲಿ ಯಾವುದು ಹಳತು, ಯಾವುದು ಯಾರೋ ಸೇರಿಸಿದ್ದು ಎಂಬ ಮಾತು ಬಂದಾಗ ಈಗಲೂ ಮೊದಲು ತೆರೆಯಬೇಕಾದದ್ದು ಅವರ ಪುಸ್ತಕ.